ಇಟ್ಟಿಗೆ ಹಿಡಿಯುವವನ ಒಂದೇ ಒಂದು ಕ್ಯಾಚು

ಅವನ ಅಂಗೈಯನ್ನು ನೀವು ಒಮ್ಮೆ ಮುಟ್ಟಿ ನೋಡಬೇಕಿತ್ತು. ಅಂಗೈ ಅಲ್ಲ ಅದು, ಅಂಗಾಲು. ಮಗಳು ಹುಟ್ಟಿದಾಗ ಎತ್ತಿಕೊಳ್ಳಲು ಹೋದವನನ್ನು ಹೆಂಡತಿ ತಡೆದು, "ಮೊದ್ಲು ಕೈಗೆ ಬಟ್ಟೆ ಸುತ್ಕೊ, ಕೂಸಿನ ಚರ್ಮ ಕಿತ್ಕೊಂಡ್ ಬರತ್ತೆ" ಅಂದಿದ್ದಳು. ತಮಾಷೆಗೆ ಅಂದದ್ದಲ್ಲ. ಅವನೂ ತಮಾಷೆ ಅಂದುಕೊಳ್ಳಲಿಲ್ಲ. ಟವೆಲು ಸುತ್ತಿಕೊಂಡೇ ಮಗುವನ್ನು ಎತ್ತಿಕೊಂಡ.

ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹಿಡಿಯುವುದು ಅವನ ಕಸುಬು. ನಗಬೇಡಿ, ಅದೂ ಒಂದು ಕಸುಬೇ. ಕೆಳಗೆ ನಿಂತವನು ಇಟ್ಟಿಗೆಯನ್ನು ಮೇಲಕ್ಕೆ ಎಸೆಯುತ್ತಾನೆ. ಬೊಂಬು ಕಟ್ಟಿ ನಿಲ್ಲಿಸಿದ ಸಾರುವೆಯ ಹಲಗೆಯ ಮೇಲೆ ನಿಂತವನು ಅದನ್ನು ಹಿಡಿದು, ಗೋಡೆ ಕಟ್ಟುವವನ ಕೈಗೆ ಎಟಕುವ ಹಾಗೆ ಪಕ್ಕಕ್ಕೆ ಜೋಡಿಸುತ್ತಾನೆ. ಬೆಳಗಿಂದ ಸಂಜೆಯವರೆಗೆ ಅಷ್ಟೇ. ಬಿಸಿಲಿಗೆ ಕಾದ ಇಟ್ಟಿಗೆ, ಮಂಜಿಗೆ ನೆಂದ ಇಟ್ಟಿಗೆ, ಒಂದರ ಬೆನ್ನಿಗೊಂದು ಅಂಟಿಕೊಂಡು ಜೋಡಿಯಾಗಿ ಬರುವ ಇಟ್ಟಿಗೆ. ಮೇಲೆತ್ತುವ ಯಂತ್ರ ಇಲ್ಲವೇ ಅಂತ ಕೇಳುತ್ತೀರಿ. ಇದೆ. ಯಂತ್ರವನ್ನು ಬಾಡಿಗೆಗೆ ತರಬೇಕು, ಹೆಂಡತಿಯ ತಮ್ಮನನ್ನು ಕೂಗಿ ಕರೆದರೆ ಸಾಕು. ಅವನನ್ನು ಕೆಲಸಕ್ಕಿಟ್ಟುಕೊಂಡಿದ್ದ ಮೇಸ್ತ್ರಿ ಅವನ ಸ್ವಂತ ಭಾವ, ಅಕ್ಕನ ಗಂಡ.

ಕಸುಬು ಕಲಿಸಿದ್ದು ಅಪ್ಪ. ಅಪ್ಪನೂ ಗಾರೆ ಕೆಲಸದವನೇ. ಮೀಸೆ ಮೂಡುವ ಮೊದಲೇ ಮಗನನ್ನು ಸಾರುವೆ ಹತ್ತಿಸಿ ಒಂದೇ ಮಾತು ಹೇಳಿದ್ದ: "ಕೆಳಗೆ ಯಾರದೋ ತಲೆ ಇದೆ ಅಂದ್ಕೊಂಡು ಹಿಡಿ." ಹುಡುಗ ಮೊದಲ ವಾರವೇ ಒಂದು ಇಟ್ಟಿಗೆ ಕೈಜಾರಿಸಿದ. ಯಾರಿಗೂ ಪೆಟ್ಟಾಗಲಿಲ್ಲ, ಮರಳಿನ ಗುಡ್ಡೆಯ ಮೇಲೆ ಬಿತ್ತು. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಕಿವಿ ಹಿಡಿದು ಕೆಳಗಿಳಿಸಿ, ಸಾರುವೆಯ ನೇರ ಕೆಳಗೆ, ಇಟ್ಟಿಗೆ ಹಾರುವ ದಾರಿಯಲ್ಲೇ ಬರಿತಲೆಯಲ್ಲಿ ನಿಲ್ಲಿಸಿದ. ಸಂಜೆಯವರೆಗೂ ಹುಡುಗ ತಲೆಯ ಮೇಲೆ ಇಟ್ಟಿಗೆ ಹೋಗುವುದನ್ನು ನೋಡುತ್ತ ನಿಂತ. ಒಂದೆರಡು ಸಲ ಚಡ್ಡಿಯೂ ಒದ್ದೆಯಾಯಿತು. ಆಮೇಲೆ ಅವನು ಏನನ್ನೂ ಕೆಳಗೆ ಬಿಟ್ಟದ್ದಿಲ್ಲ. ಮನೆಯಲ್ಲಿ ಚಮಚ ಮೇಜಿನಿಂದ ಜಾರಿದರೂ ಅದು ನೆಲ ಮುಟ್ಟುವಷ್ಟರಲ್ಲಿ ಕೈ ಹೋಗಿ ಹಿಡಿದಿರುತ್ತಿತ್ತು. ಹಿಡಿದ ಮೇಲೆಯೇ ಅವನಿಗೂ ಗೊತ್ತಾಗುತ್ತಿದ್ದದ್ದು.

ಇಷ್ಟು ಹೇಳಿದ ಮೇಲೆ ಕ್ರಿಕೆಟ್ಟಿಗೆ ಬರೋಣ. ಎಲ್ಲ ಹಾಳಾದದ್ದು ಅಲ್ಲೇ.

ಅವರದು ಸಣ್ಣ ದೇಶ. ಭೂಪಟದಲ್ಲಿ ಒಂದು ಬೆರಳಿಟ್ಟರೆ ಅದೂ ಅದರ ಅಕ್ಕಪಕ್ಕದ ಮೂರು ದೇಶಗಳೂ ಒಟ್ಟಿಗೆ ಮುಚ್ಚಿಹೋಗುತ್ತವೆ. ಆ ನಾಲ್ಕೂ ಸೇರಿ ಎರಡು ವರ್ಷಕ್ಕೊಮ್ಮೆ ಗಂಡಸರ ಅಂತರರಾಷ್ಟ್ರೀಯ ಕ್ರಿಕೆಟ್ ಪಂದ್ಯಾವಳಿ ನಡೆಸುತ್ತಿದ್ದವು. ಅಂತರರಾಷ್ಟ್ರೀಯ ಅಂದ ಕೂಡಲೇ ದೀಪಗೋಪುರ, ಟೀವಿ ಕ್ಯಾಮರಾ ಅಂತ ಊಹಿಸಿಕೊಂಡು ಕೂರಬೇಡಿ. ಸಿಮೆಂಟ್ ಗೋದಾಮಿನ ಹಿಂದಿನ ಬಯಲು, ಕಾಂಕ್ರೀಟಿನ ಮೇಲೆ ಮೊಳೆ ಹೊಡೆದು ಹಾಸಿದ ನಾರಿನ ಚಾಪೆ, ಎರಡು ಡೇರೆ, ಒಂದು ಧ್ವನಿವರ್ಧಕ. ಧ್ವನಿವರ್ಧಕ ಕೆಟ್ಟರೆ ರಾಷ್ಟ್ರಗೀತೆಯನ್ನು ಬಾಯಲ್ಲೇ ಹಾಡುತ್ತಿದ್ದರು. ಆಡುವವರು ಬಸ್ ಡ್ರೈವರು, ಬೇಕರಿಯ ಅಣ್ಣತಮ್ಮಂದಿರು, ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿರುವವನು, ಇಂಥವರೇ. ನಾಯಕ ಮೇಸ್ತ್ರಿ. ಚೆಂಡನ್ನು ಬಲವಾಗಿ ಹೊಡೆಯುತ್ತಿದ್ದ, ಅದಕ್ಕಿಂತ ಬಲವಾಗಿ ಮಾತಾಡುತ್ತಿದ್ದ.

ಆದರೆ ದೇಶ ಸಣ್ಣದಾದರೂ ಟೋಪಿ ಟೋಪಿಯೇ. ಅವರಲ್ಲಿ ಒಂದು ರೂಢಿ ಇತ್ತು. ಮೊದಲ ಸಲ ಹನ್ನೊಂದರ ಪಟ್ಟಿಗೆ ಬಂದವನನ್ನು ಟಾಸಿಗೆ ಮುಂಚೆ ಮೈದಾನದ ನಡುವೆ ನಿಲ್ಲಿಸಿ, ನಾಯಕ ತನ್ನ ಕೈಯಾರೆ ಅವನ ತಲೆಗೆ ನೀಲಿ ಟೋಪಿ ಇಡುತ್ತಿದ್ದ. ಒಮ್ಮೆ ತಲೆಗೆ ಬಿತ್ತೋ, ಸಾಯುವ ತನಕ ನೀನು ದೇಶದ ಆಟಗಾರ. ಹಲ್ಲಿನ ಡಾಕ್ಟರ ಸಹಾಯಕ ಆಡಿದ್ದು ಒಂದು ಪಂದ್ಯ, ಹೊಡೆದದ್ದು ಸೊನ್ನೆ. ಆದರೂ ಅವನ ಟೋಪಿ ಆಸ್ಪತ್ರೆಯ ಗಾಜಿನ ಕಪಾಟಿನಲ್ಲಿ ಕಟ್ಟುಹಲ್ಲಿನ ಸೆಟ್ಟುಗಳ ಪಕ್ಕದಲ್ಲೇ ಇತ್ತು. ಬಂದವರಿಗೆಲ್ಲ ತೋರಿಸುತ್ತಿದ್ದ. ಬಾಯಿ ತೆರೆದು ಕೂತವರು ಏನು ಮಾಡಿಯಾರು, ಹೂಂಗುಡುತ್ತಿದ್ದರು.

ನಮ್ಮವನಿಗೆ ಬೇಕಿದ್ದದ್ದು ಆ ಟೋಪಿ. ಬೇರೆ ಏನೂ ಅಲ್ಲ.

ಅವನಿಗೆ ಬ್ಯಾಟು ಹಿಡಿಯಲು ಬರುತ್ತಿರಲಿಲ್ಲ, ಚೆಂಡು ಎಸೆದರೆ ಎಲ್ಲೋ ಹೋಗುತ್ತಿತ್ತು. ಆದರೆ ಹಿಡಿಯುವುದರಲ್ಲಿ ಅವನಿಗೆ ಸಾಟಿಯಿರಲಿಲ್ಲ. ಅಭ್ಯಾಸದ ದಿನ ಆಟಗಾರರು ಬೇಕೆಂದೇ ಜೋಡಿ ಚೆಂಡು ಹೊಡೆದು ಅವನನ್ನು ಆಚೆ ಈಚೆ ಓಡಿಸುತ್ತಿದ್ದರು. ಎರಡನ್ನೂ ಹಿಡಿದುಕೊಂಡು ಹಲ್ಲು ಕಿರಿಯುತ್ತ ಬರುತ್ತಿದ್ದ. ಮೇಸ್ತ್ರಿ ಅವನನ್ನು ಪ್ರತಿ ಪಂದ್ಯಾವಳಿಗೂ ಹನ್ನೆರಡನೆಯವನನ್ನಾಗಿ ಇಟ್ಟುಕೊಂಡಿದ್ದ. ಹನ್ನೆರಡನೆಯವನೆಂದರೆ ಚಾಪೆ ಹಾಸುವವನು, ಮೊಳೆ ಹೊಡೆಯುವವನು, ಪ್ಯಾಡು ಒಣಹಾಕುವವನು, ಆಟದ ಮಧ್ಯೆ ನೀರು ಹೊರುವವನು. ಹಳದಿ ಬಣ್ಣದ ತೋಳಿಲ್ಲದ ಅಂಗಿ, ಅಷ್ಟೇ ಅವನ ಸಮವಸ್ತ್ರ. ಊರವರು ಅವನಿಗೆ ನೀರಣ್ಣ ಅಂತ ಹೆಸರಿಟ್ಟರು. ಕಟ್ಟಡದ ಕೆಲಸದಲ್ಲೂ ಅದೇ ಹೆಸರು ನಿಂತಿತು.

ಪ್ರತಿ ಸಲವೂ ಭಾವ, "ಮುಂದಿನ ಸಲ ನೀನೇ ಕಣೋ" ಅನ್ನುತ್ತಿದ್ದ. ಪ್ರತಿ ಸಲವೂ ನೀರಣ್ಣ ನಂಬುತ್ತಿದ್ದ. ದಡ್ಡ ಅನ್ನಿ, ಏನು ಬೇಕಾದರೂ ಅನ್ನಿ. ಅವನ ಹೆಂಡತಿ ಮೊದಲ ಸಲ ಆ ಮಾತು ಕೇಳಿದಾಗಲೇ ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಗೆ ಟೋಪಿಗೆಂದು ಒಂದು ಮೊಳೆ ಹೊಡೆಸಿದ್ದಳು. ವರ್ಷಗಟ್ಟಲೆ ಆ ಮೊಳೆಗೆ ಕೊಡೆ ನೇತಾಡಿತು.

ಈ ಸಲ ಪಂದ್ಯಾವಳಿ ಅವರ ಊರಲ್ಲೇ. ಮೇಸ್ತ್ರಿ ಅಕ್ಕನ ಎದುರಿಗೇ ಊಟದ ಮೇಜಿನಲ್ಲಿ ಹೇಳಿದ: "ಫೈನಲ್ ತಲುಪಿದ್ರೆ ನಿನ್ನನ್ನ ಇಳಿಸ್ತೀನಿ. ಬೇಕರಿ ದೊಡ್ಡವನಿಗೆ ಮಂಡಿ ನೋವು, ಹೇಗೂ ಕೂರಿಸ್ಬೇಕು."

"ಕೊಟ್ಟ ಮಾತು ಉಳಿಸ್ಕೊಳ್ರೀ ಈ ಸಲವಾದ್ರೂ" ಅಂದಳು ಅಕ್ಕ. "ನನ್ನ ತವರಿಗೆ ಅಂತ ನೀವು ಮಾಡಿರೋದು ಅಷ್ಟರಲ್ಲೇ ಇದೆ."

"ಟೋಪಿ ತರ್ಸಿಟ್ಟಿದ್ದೀನಿ ಕಣೇ. ನನ್ನ ಚೀಲದಲ್ಲಿದೆ. ಬೇಕಾದ್ರೆ ನೋಡ್ಕೊ."

ಅಕ್ಕ ನೋಡಿದಳು. ಹೊಸ ಟೋಪಿ ನಿಜಕ್ಕೂ ಇತ್ತು, ಪ್ಲಾಸ್ಟಿಕ್ ಚೀಲದೊಳಗೆ. ನೀರಣ್ಣ ದೂರದಿಂದಲೇ ನೋಡಿದ, ಮುಟ್ಟಲಿಲ್ಲ. ಮನೆಗೆ ಹೋದವನು ಮೊಳೆಯಿಂದ ಕೊಡೆಯನ್ನು ತೆಗೆದು ಮೂಲೆಗಿಟ್ಟ. ಹೆಂಡತಿ ನೋಡಿದಳು. ಮರುದಿನ ನಲ್ಲಿಯ ಹತ್ತಿರ ನಿಂತ ಹೆಂಗಸರಿಗೆಲ್ಲ ಹೇಳಿಬಿಟ್ಟಳು.

ಸೆಮಿಫೈನಲ್ ದಿನ ಬಯಲು ತುಂಬಿತ್ತು. ಎದುರಾಳಿಗಳು ನೆರೆಯ ದೇಶದವರು. ಅವರು ಬಂದದ್ದೇ ಹನ್ನೊಂದು ಜನ. ಹನ್ನೆರಡನೆಯವನಿಗೆ ಅವನ ಯಜಮಾನ ರಜೆ ಕೊಟ್ಟಿರಲಿಲ್ಲವಂತೆ. ಅವರು ಮೊದಲು ಬ್ಯಾಟು ಮಾಡಿ ಒಂದು ಮಟ್ಟಕ್ಕೆ ರನ್ನು ಪೇರಿಸಿದರು. ನಮ್ಮವರು ಬೆನ್ನಟ್ಟುತ್ತ ಹೋದರು. ಆಟ ಮುಗಿಯಲು ಇನ್ನು ಕೆಲವು ಓವರುಗಳಿರುವಾಗ ಎದುರಾಳಿಗಳ ಒಬ್ಬ ಫೀಲ್ಡರು ಗುಂಡಿಯಲ್ಲಿ ಕಾಲಿಟ್ಟು ಪಾದ ತಿರುಚಿಕೊಂಡು ಬಿದ್ದ. ಅವನನ್ನು ಇಬ್ಬರು ಹೊತ್ತು ಹೊರಗೆ ತಂದರು. ಬದಲಿಗೆ ಇಳಿಸಲು ಅವರಲ್ಲಿ ಯಾರೂ ಇರಲಿಲ್ಲ.

ಈ ಸಣ್ಣ ದೇಶಗಳ ನಡುವೆ ಒಂದು ಪದ್ಧತಿ ಇತ್ತು. ಅತಿಥಿ ತಂಡಕ್ಕೆ ಆಳು ಕಡಿಮೆಯಾದರೆ ಅತಿಥೇಯರೇ ತಮ್ಮ ಹನ್ನೆರಡನೆಯವನನ್ನು ಅವರ ಪರವಾಗಿ ಫೀಲ್ಡಿಂಗಿಗೆ ಕೊಡುವುದು. ಸಕ್ಕರೆ ಕಡ ಕೊಟ್ಟ ಹಾಗೆ. ಅಂಪೈರು ಡೇರೆಗೆ ಬಂದು ಕೇಳಿದರು. ಮೇಸ್ತ್ರಿ ಪ್ಯಾಡು ಕಟ್ಟಿಕೊಂಡು ಕೂತಿದ್ದ, ಮುಂದಿನ ಸರದಿ ಅವನದೇ. ಗಣ್ಯರು ಕೂತಿದ್ದ ಕಡೆಗೊಮ್ಮೆ ಕಣ್ಣು ಹಾಯಿಸಿ, ಎಲ್ಲರಿಗೂ ಕೇಳುವ ಹಾಗೆ, "ಯಾಕೆ ಕೊಡಲ್ಲ ಸಾರ್? ಆಟ ಅಂದ್ರೆ ಅದೇ ಅಲ್ವಾ! ನನ್ನ ಸ್ವಂತ ಬಾಮೈದನ್ನೇ ಕೊಡ್ತೀನಿ" ಅಂದ. ಜನ ಚಪ್ಪಾಳೆ ತಟ್ಟಿದರು.

ಆಮೇಲೆ ನೀರಣ್ಣನ ಹೆಗಲ ಮೇಲೆ ಕೈಹಾಕಿ ಡೇರೆಯ ಹಿಂದಕ್ಕೆ ಕರೆದುಕೊಂಡು ಹೋದ.

"ಕೇಳಿಲ್ಲಿ. ಅವರು ನಿನ್ನನ್ನ ಎಲ್ಲಿ ನಿಲ್ಲು ಅಂತಾರೋ ಅಲ್ಲಿ ನಿಲ್ಲು. ಓಡು, ಬೀಳು, ಚೆನ್ನಾಗಿ ಕಾಣೋ ಹಾಗೆ ಮಾಡು. ಆದ್ರೆ ಕ್ಯಾಚೇನಾದ್ರೂ ಬಂತು ಅಂದ್ರೆ…"

"ಬಂದ್ರೆ?"

"ಕೈಗೆ ಎಣ್ಣೆ ಹಚ್ಕೊಂಡಿದ್ದೀನಿ ಅಂದ್ಕೊ."

ನೀರಣ್ಣ ನೆಲ ನೋಡಿದ.

"ಫೈನಲ್ ಬೇಕೋ ಬೇಡ್ವೋ ನಿಂಗೆ? ಟೋಪಿ ಬೇಕೋ ಬೇಡ್ವೋ?"

"ಬೇಕು ಭಾವ."

"ಮತ್ತೆ! ಅಷ್ಟೇ ಮಾತು."

ನೀರಣ್ಣ ಒಪ್ಪಿದ. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ಆಮೇಲೆ ಕೆಲವರು ಅವನನ್ನು ಧರ್ಮರಾಯನನ್ನಾಗಿ ಮಾಡಲು ನೋಡಿದರು. ಸುಳ್ಳು. ಅವನು ಬಿಡಲು ಒಪ್ಪಿದ್ದ, ಮನಸಾರೆ ಒಪ್ಪಿದ್ದ. ದಾರಿಯುದ್ದಕ್ಕೂ ಬಿಡುವುದನ್ನೇ ಲೆಕ್ಕ ಹಾಕುತ್ತ ಹೋದ: ಬೆರಳು ಅಗಲಿಸಬೇಕು, ಚೆಂಡು ಎದೆಗೆ ಬಡಿಯಲಿ, ಅಯ್ಯೋ ಅಂತ ಬೀಳಬೇಕು.

ಕಾಲು ತಿರುಚಿಕೊಂಡವನ ಜೆರ್ಸಿಯನ್ನೇ ಅವನಿಗೆ ಹಾಕಿದರು. ಬೆವರಲ್ಲಿ ತೊಪ್ಪೆಯಾಗಿತ್ತು, ಮೊಣಕಾಲಿನವರೆಗೆ ಜೋಲುತ್ತಿತ್ತು, ಬೆನ್ನ ಮೇಲೆ ಆ ಪುಣ್ಯಾತ್ಮನ ಹೆಸರಿತ್ತು. ಒಂದು ದೇಶದ ಜೆರ್ಸಿ ಅವನ ಮೈಮೇಲೆ ಬಿದ್ದದ್ದು ಅದೇ ಮೊದಲು. ಅದೂ ಬೇರೆಯವರ ದೇಶ, ಬೇರೆಯವನ ಹೆಸರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏಯ್ ನೀರಣ್ಣ, ಯಾವಾಗ ಮನೆ ಬದಲಾಯಿಸ್ದೆ?" ಅಂತ ಯಾರೋ ಕೂಗಿದರು. ಅವನೂ ನಕ್ಕು ಕೈಬೀಸಿದ. ಹೆಂಗಸರ ಮಧ್ಯೆ ಹೆಂಡತಿ, ಅಕ್ಕ ಇಬ್ಬರೂ ಕೂತಿದ್ದರು. ಡೇರೆಯ ಹಿಂದಿನ ಮಾತನ್ನು ಮೇಸ್ತ್ರಿ ಅಕ್ಕನಿಗೆ ಹೇಳಿಕಳಿಸಿದ್ದ, ಅವಳು ಹೆಂಡತಿಗೂ ಕಿವಿಯಲ್ಲಿ ಊದಿದ್ದಳು.

ಎದುರಾಳಿಗಳ ನಾಯಕ, ಗಡಿಯಾರ ರಿಪೇರಿ ಮಾಡುವ ಸಣಕಲ, ನೀರಣ್ಣನನ್ನು ಕಡ ತಂದ ಕುರ್ಚಿಯನ್ನಿಡುವ ಹಾಗೆ ದೂರದ ಹಗ್ಗದ ಹತ್ತಿರ ನಿಲ್ಲಿಸಿದ. ಅಲ್ಲಿಗೆ ಚೆಂಡು ಬರುವುದು ಅಪರೂಪ. ನೀರಣ್ಣನಿಗೂ ಅದೇ ಬೇಕಿತ್ತು.

ಮೇಸ್ತ್ರಿ ಬಂದ, ಹೊಡೆದ, ಬೈದ, ಓಡಿಸಿದ. ಅಂತೂ ಇಂತೂ ಆಟ ಕೊನೆಯ ಚೆಂಡಿಗೆ ಬಂತು. ಗೆಲ್ಲಲು ನಾಲ್ಕು ರನ್ನು ಬೇಕು. ಬಯಲೆಲ್ಲ ಎದ್ದು ನಿಂತಿತ್ತು. ಮೇಸ್ತ್ರಿ ಬ್ಯಾಟು ನೆಲಕ್ಕೆ ಕುಟ್ಟಿದ, ಸುತ್ತ ನೋಡಿದ, ನೀರಣ್ಣ ಎಲ್ಲಿ ನಿಂತಿದ್ದಾನೆಂದೂ ನೋಡಿದ. ನೋಡಿಯೇ ಅತ್ತ ಹೊಡೆದ. ಅದನ್ನು ಆಮೇಲೆ ಅವನೇ ಬಾಯಿಬಿಟ್ಟು ಹೇಳಿದ: ಬೇರೆ ಕಡೆ ಹೊಡೆದಿದ್ದರೆ ಹಿಡಿಯುತ್ತಿದ್ದರು, ಅಲ್ಲಿದ್ದವನು ನಮ್ಮವನಲ್ಲವೇ ಅಂತ.

ಚೆಂಡು ಎದ್ದಿತು. ತುಂಬಾ ಮೇಲೆ ಹೋಯಿತು. ಹಗ್ಗ ದಾಟುವಷ್ಟು ದೂರ ಬರಲಿಲ್ಲ; ಹಗ್ಗದ ಒಳಗೆ, ಸರಿಯಾಗಿ ನೀರಣ್ಣ ನಿಂತ ಕಡೆಗೇ ಇಳಿಯತೊಡಗಿತು. ಅವನು ಬಿಟ್ಟರೆ ಸಾಕು, ಒಂದು ಪುಟಿತ, ಹಿಂದೆಯೇ ಹಗ್ಗ, ನಾಲ್ಕು ರನ್ನು, ಫೈನಲ್ಲು, ಟೋಪಿ.

ಅವನು ಬೆರಳು ಅಗಲಿಸಿಕೊಂಡೇ ನಿಂತಿದ್ದ. "ಬಿಡು, ಬಿಡು" ಅಂತ ಬಾಯಲ್ಲೇ ಅಂದುಕೊಳ್ಳುತ್ತಿದ್ದ. ತಲೆಯೆತ್ತಿ ನೋಡಿದ. ಸೂರ್ಯನ ಎದುರಿಗೆ ಕಪ್ಪಗೆ ಕಾಣುವ ಒಂದು ಗಟ್ಟಿ ವಸ್ತು ಮೇಲಿಂದ ಕೆಳಕ್ಕೆ ಬರುತ್ತಿತ್ತು. ಅಷ್ಟೇ. ಮುಂದಿನದು ಅವನಿಗೆ ಗೊತ್ತಿಲ್ಲ. ಗೊತ್ತಾಗುವಷ್ಟರಲ್ಲಿ ಎರಡೂ ಅಂಗೈ ಕೂಡಿಕೊಂಡು, ಚೆಂಡು ಅವುಗಳ ನಡುವೆ ಬೆಚ್ಚಗೆ ಕೂತಿತ್ತು. ಹಿಡಿದದ್ದೂ ಅಲ್ಲದೆ, ಹಿಡಿದ ಇಟ್ಟಿಗೆಯನ್ನು ಪಕ್ಕಕ್ಕೆ ಜೋಡಿಸುವವನ ಹಾಗೆ ಸೊಂಟ ತಿರುಗಿಸಿ, ಬಗ್ಗಿ, ಅದನ್ನು ಜೋಪಾನವಾಗಿ ಹುಲ್ಲಿನ ಮೇಲಿಟ್ಟುಬಿಟ್ಟ.

ಆಮೇಲೆ ಎದುರಾಳಿಗಳೆಲ್ಲ ಓಡಿ ಬಂದು ಅವನ ಮೇಲೆ ಬಿದ್ದರು. ಗಡಿಯಾರದವನು ಅವನ ಕೆನ್ನೆಗೆ ಮುತ್ತಿಟ್ಟ. ಆ ಗುಂಪಿನ ಕೆಳಗಿಂದ ನೀರಣ್ಣ ಕತ್ತು ಹೊರಹಾಕಿ ಭಾವನ ಕಡೆ ನೋಡಿ, "ಕೈ ಭಾವ, ಕೈ…" ಅಂದ. ಅದು ಯಾರಿಗೂ ಕೇಳಿಸಲಿಲ್ಲ. ಮೇಸ್ತ್ರಿ ಬ್ಯಾಟನ್ನು ಚಾಪೆಯ ಮೇಲೇ ಎಸೆದು ಹೊರಗೆ ನಡೆದಿದ್ದ.

ಧ್ವನಿವರ್ಧಕದಲ್ಲಿ ಫಲಿತಾಂಶ ಹೇಳಿದರು. ಮೇಸ್ತ್ರಿ ಔಟಾದ ಬಗೆ ಹೇಳುವಾಗ, "ಕ್ಯಾಚ್ ಹಿಡಿದವರು, ಬದಲಿ ಆಟಗಾರ" ಅಂದರು. ನಿಯಮವೇ ಹಾಗಂತೆ, ಬದಲಿಗೆ ಬಂದವನ ಹೆಸರು ಬರೆಯುವುದಿಲ್ಲವಂತೆ. ನೀರಣ್ಣನ ಇಡೀ ಆಯುಷ್ಯದ ಒಂದೇ ಒಂದು ಅಂತರರಾಷ್ಟ್ರೀಯ ಕ್ಯಾಚು. ಅದಕ್ಕೂ ಅವನ ಹೆಸರು ಅಂಟಲಿಲ್ಲ. ಅಷ್ಟರಲ್ಲಿ ಎದುರಾಳಿಗಳ ಕಡೆಯವನೊಬ್ಬ ಬಂದು ಬೆನ್ನು ತಟ್ಟಿ, ಜೆರ್ಸಿ ವಾಪಸು ಬೇಕೆಂದು ಸನ್ನೆ ಮಾಡಿದ. ಫೈನಲ್ಲಿಗೆ ಅವರ ಊರಿನಿಂದ ಇನ್ನೊಬ್ಬ ಬರುವವನಿದ್ದ. ನೀರಣ್ಣ ಅಲ್ಲೇ ಬಿಚ್ಚಿ ಕೊಟ್ಟ. ಹಳದಿ ಅಂಗಿ ನಮ್ಮವರ ಡೇರೆಯಲ್ಲಿತ್ತು. ಅಲ್ಲಿಗೆ ಕಾಲಿಡುವ ಧೈರ್ಯ ಬರಲಿಲ್ಲ. ಬರೀ ಮೈಯಲ್ಲೇ ಮನೆಗೆ ಹೊರಟ.

ದಾರಿಯುದ್ದಕ್ಕೂ ಜನ ಅವನ ಮುಖದ ನೀರಿಳಿಸಿದರು. ಮನೆಹಾಳ ಅಂದರು. ಎಷ್ಟಕ್ಕೆ ಮಾರಿಕೊಂಡೆ ಅಂತ ಕೇಳಿದರು. ಸಿಮೆಂಟ್ ಗೋದಾಮಿನ ಕಾವಲುಗಾರ, ದಿನಾ ಬೆಳಿಗ್ಗೆ ಅವನ ಜೊತೆ ಟೀ ಕುಡಿಯುತ್ತಿದ್ದವನು, ಎದುರಿಗೆ ಬಂದು ಕ್ಯಾಕರಿಸಿ ಉಗಿದ.

ಅಕ್ಕ ಅವನಿಗಿಂತ ಮೊದಲೇ ಅವನ ಮನೆ ಸೇರಿದ್ದಳು.

"ಅಪ್ಪ ಹೋದ್ಮೇಲೆ ನಿಂಗೆ ಅನ್ನ ಹಾಕಿದ್ದು ಯಾರೋ? ಕೆಲಸ ಕೊಟ್ಟಿದ್ದು ಯಾರೋ? ಅಷ್ಟು ಜನರ ಮುಂದೆ ಅವರ ಮುಖಕ್ಕೆ ಮಸಿ ಬಳಿದ್ಯಲ್ಲ!"

"ಬಿಡ್ಬೇಕು ಅಂತಾನೇ ಇದ್ದೆ ಅಕ್ಕ. ನಿನ್ನಾಣೆ. ಕೈ ಕೇಳ್ಲಿಲ್ಲ."

"ಕೈ ಕೇಳ್ಲಿಲ್ವಂತೆ! ಆ ಕೈಗೆ ಬರೆ ಹಾಕ್ಬೇಕಿತ್ತು ಅಪ್ಪ, ಚಿಕ್ಕೋನಾಗಿದ್ದಾಗ್ಲೇ." ಬಾಗಿಲು ದಾಟುವಾಗ ತಿರುಗಿ ನಿಂತಳು. "ಇನ್ನು ನನ್ನ ಮನೆ ಮೆಟ್ಲು ಹತ್ಬೇಡ."

ಹೆಂಡತಿ ಮಾತ್ರ ಕೂಗಾಡಲಿಲ್ಲ. ತಟ್ಟೆ ಹಾಕಿದಳು, ಬಡಿಸಿದಳು. ಅವನು ಉಂಡು ಕೈತೊಳೆಯುವಾಗ ಆ ಕೈಗಳನ್ನೇ ನೋಡುತ್ತ ನಿಂತು, "ಇಷ್ಟು ವರ್ಷ ನಿನ್ನ ಮಾತು ಕೇಳಿದ್ದು ಅವೆರಡೇ ಕೈ ಅಂದ್ಕೊಂಡಿದ್ದೆ. ಅವೂ ಕೇಳಲ್ಲ" ಅಂದಳು. ಅಕ್ಕನ ಬೈಗುಳಕ್ಕಿಂತ ಅದೇ ಅವನಿಗೆ ಹೆಚ್ಚು ನಾಟಿತು. ಅವನು ಅತ್ತ. ಗಂಡಸು ಅಳುವುದನ್ನು ನೋಡಲಾಗದೆ ಅವಳು ಹೊರಗೆ ಹೋದಳು.

ಆದರೆ ಮೂರನೇ ಸ್ಥಾನದ ಪಂದ್ಯ ಒಂದು ಉಳಿದಿತ್ತು, ಮರುದಿನವೇ. ಸೋತ ಎರಡು ತಂಡಗಳು ಆಡುವ ಪಂದ್ಯ, ಯಾರಿಗೂ ಬೇಡದ್ದು. ಬೆಳಿಗ್ಗೆ ಸುದ್ದಿ ಬಂತು: ಬೇಕರಿ ದೊಡ್ಡವನ ಮಂಡಿ ಊದಿಕೊಂಡಿದೆ, ಅವನಿಂದ ಆಗುವುದಿಲ್ಲ. ಈಗ ಉಳಿದವರು ಹತ್ತೇ ಜನ. ನೀರಣ್ಣ ಸೇರಿದರೆ ಹನ್ನೊಂದು. ಬೇರೆ ಯಾರನ್ನೂ ಸೇರಿಸುವ ಹಾಗಿಲ್ಲ, ಪಂದ್ಯಾವಳಿ ಶುರುವಾದ ಮೇಲೆ ಹೊಸಬರನ್ನು ತರಬಾರದು ಅಂತ ನಿಯಮ. ಸೆಮಿಫೈನಲ್ ಗೆದ್ದವರ ಆ ಇನ್ನೊಬ್ಬ ಹೇಗೆ ಬರುತ್ತಾನೆ ಅನ್ನುತ್ತೀರಾ? ಅವನು ಮೊದಲೇ ಪಟ್ಟಿಯಲ್ಲಿದ್ದ ಹನ್ನೆರಡನೆಯವನು, ರಜೆ ಈಗ ಸಿಕ್ಕಿತ್ತು.

"ಹೋಗು" ಅಂದಳು ಹೆಂಡತಿ. ಅವಳ ದನಿಗೆ ಮತ್ತೆ ಜೀವ ಬಂದಿತ್ತು. "ನೀನಿಲ್ದೆ ಹನ್ನೊಂದು ಹೇಗಾಗತ್ತೆ? ಕರೀಲೇಬೇಕು ನಿನ್ನ. ಇಷ್ಟ ಇದ್ರೂ ಕರೀಬೇಕು, ಇಲ್ದಿದ್ರೂ ಕರೀಬೇಕು."

ಅವನು ಗಡ್ಡ ಹೆರೆದುಕೊಂಡ. ಬೂಟಿಗೆ ಸುಣ್ಣ ಬಳಿದ. ತಲೆ ಬಾಚಿ, ಟೋಪಿ ಬೀಳುವ ತಲೆ ಅಲ್ಲವೇ ಅಂತ ಇನ್ನೊಮ್ಮೆ ಬಾಚಿದ.

ಮೈದಾನದಲ್ಲಿ ಮೊದಲು ಒಂದು ಸಮಾರಂಭವಿತ್ತು. ಅದನ್ನು ಹೇಳದಿದ್ದರೆ ನನ್ನ ಹೊಟ್ಟೆಯುರಿ ಆರುವುದಿಲ್ಲ. ಕ್ರೀಡಾ ಮನೋಭಾವಕ್ಕೆಂದು ಒಂದು ಪ್ರಶಸ್ತಿ ಇತ್ತು. ಅದನ್ನು ಕೊಟ್ಟದ್ದು ಯಾರಿಗೆ ಅಂತೀರಿ? ಮೇಸ್ತ್ರಿಗೆ! ಸೆಮಿಫೈನಲ್ಲಿನಂಥ ಪಂದ್ಯದಲ್ಲಿ ತನ್ನ ಸ್ವಂತ ಬಾಮೈದನನ್ನು ಎದುರಾಳಿಗಳಿಗೆ ಕೊಟ್ಟ ದೊಡ್ಡ ಮನುಷ್ಯ ಅಂತ. ಪಂದ್ಯಾವಳಿಯ ಅಧ್ಯಕ್ಷರು ಅವನ ಕೈಕುಲುಕಿ, ಇಂಥವರಿಂದಲೇ ಆಟ ಉಳಿದಿದೆ ಅಂದರು. ಮೇಸ್ತ್ರಿ ತಲೆಬಾಗಿ ಬೆಳ್ಳಿ ಬಣ್ಣದ ಬಟ್ಟಲನ್ನು ಈಸಿಕೊಂಡ. ಹಗ್ಗದ ಹತ್ತಿರ ನಿಂತ ನೀರಣ್ಣನೂ ಚಪ್ಪಾಳೆ ತಟ್ಟಿದ. ನಿಜ ಹೇಳಬೇಕೆಂದರೆ, ಜೋರಾಗಿಯೇ ತಟ್ಟಿದ.

ಟಾಸಿಗೆ ಕರೆ ಬಂತು. ಹತ್ತು ಜನ ಚಾಪೆಯ ಹತ್ತಿರ ಸಾಲಾಗಿ ನಿಂತರು. ಮೇಸ್ತ್ರಿಯ ಕೈಯಲ್ಲಿ ಆ ಹೊಸ ಟೋಪಿ ಇತ್ತು, ಪ್ಲಾಸ್ಟಿಕ್ಕಿನಿಂದ ಹೊರಗೆ ತೆಗೆದಿದ್ದ. ಮೇಸ್ತ್ರಿ ಬೆರಳಲ್ಲಿ ಸನ್ನೆ ಮಾಡಿ ನೀರಣ್ಣನನ್ನು ಕರೆದ. ಅವನು ಓಡಿದ. ಎಲ್ಲರ ಮುಂದೆ ಹೋಗಿ ಕತ್ತು ತುಸು ಬಗ್ಗಿಸಿ ನಿಂತ.

"ನೀರಿನ ಡ್ರಮ್ಮಿಗೆ ಮುಚ್ಚಳ ಇಲ್ಲ, ಧೂಳು ಬೀಳ್ತಿದೆ" ಅಂದ ಮೇಸ್ತ್ರಿ. "ಇದನ್ನ ಮುಚ್ಚು." ಟೋಪಿಯನ್ನು ಅವನ ಕೈಯಲ್ಲಿಟ್ಟ.

ಅಂಪೈರಿಗೂ ಮುಜುಗರವಾಯಿತು. "ಏನ್ರೀ, ಹತ್ತೇ ಜನ ಆಡ್ತೀರಾ? ಇವರಿದ್ದಾರಲ್ಲ."

"ಹತ್ತು ಸಾಕು ಸಾರ್. ಈ ಹನ್ನೊಂದನೆಯವನು ಯಾವ ದೇಶದವನು ಅಂತ ನಮಗಿನ್ನೂ ಗೊತ್ತಾಗಿಲ್ಲ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಬಸ್ ಡ್ರೈವರು ಮಾತ್ರ ನಗದೆ ಕೈಗವಸು ಸರಿಮಾಡಿಕೊಂಡ, ಆದರೆ ಅವನೂ ತುಟಿಪಿಟಕ್ಕೆನ್ನಲಿಲ್ಲ. ನೀರಣ್ಣ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ. ಡ್ರಮ್ಮಿನ ಸಣ್ಣ ಬಾಯಿಗೆ ಮುಚ್ಚಿದ. ಸರಿಯಾಗಿ ಕೂತಿತು. ಡೇರೆಯ ಗೂಟಕ್ಕೆ ನೇತುಹಾಕಿದ್ದ ಹಳದಿ ಅಂಗಿಯನ್ನು ತೆಗೆದು ಹಾಕಿಕೊಂಡ. ಇಡೀ ದಿನ ಆ ಟೋಪಿಯ ಪಕ್ಕದಲ್ಲಿ ನಿಂತಿದ್ದ. ನೀರು ತುಂಬುವಾಗಲೆಲ್ಲ ಎತ್ತುತ್ತಿದ್ದ, ಮತ್ತೆ ಮುಚ್ಚುತ್ತಿದ್ದ. ಒಮ್ಮೆಯಾದರೂ ತಲೆಗೆ ಇಟ್ಟು ನೋಡಿದನೇ ಅಂದರೆ, ಇಲ್ಲ.

ಹತ್ತು ಜನರಿಗೆ ಬಯಲು ದೊಡ್ಡದಾಯಿತು. ಎದುರಿನವರು ಎಲ್ಲಿ ಜಾಗ ಖಾಲಿಯಿದೆಯೋ ಅಲ್ಲಿಗೇ ಹೊಡೆದರು. ಬಿಸಿಲು ಇಳಿಯುವ ಹೊತ್ತಿಗೆ ಒಂದು ಚೆಂಡು ಎತ್ತರಕ್ಕೆ ಹೋಗಿ, ಹಿಂದಿನ ದಿನ ನೀರಣ್ಣ ನಿಂತಿದ್ದ ಆ ಮೂಲೆಗೇ ನಿಧಾನವಾಗಿ ಇಳಿಯಿತು. ಅಲ್ಲಿ ಯಾರೂ ಇರಲಿಲ್ಲ. ಮೇಸ್ತ್ರಿ ಎದ್ದುಬಿದ್ದು ಓಡಿದ, ತಲುಪಲಿಲ್ಲ. ಚೆಂಡು ನೆಲಕ್ಕೆ ಬಿದ್ದು ಹಗ್ಗ ದಾಟಿತು. ಅಲ್ಲಿಗೆ ಆಟ ಕೈಬಿಟ್ಟು ಹೋಯಿತು ಅಂತ ಎಲ್ಲರಿಗೂ ಗೊತ್ತಾಯಿತು. ಜನರೆಲ್ಲ ಚೆಂಡು ನೋಡುವುದು ಬಿಟ್ಟು ನೀರಣ್ಣನ ಕಡೆ ತಿರುಗಿ ನೋಡಿದರು. ಹೆಂಡತಿಯೂ ಎಲ್ಲೋ ಆ ಗುಂಪಿನಲ್ಲೇ ಇದ್ದಳು.

"ಏನ್ ಮುಖ ನೋಡ್ತಾ ನಿಂತಿದ್ದೀಯ? ನೀರು ತಾ!" ಮೇಸ್ತ್ರಿ ಏದುಸಿರು ಬಿಡುತ್ತ ಕಿರುಚಿದ.

ನೀರಣ್ಣ ಬಾಟಲಿ ತುಂಬಿಕೊಂಡು ಓಡಿದ. ಮೇಸ್ತ್ರಿ ಗಟಗಟ ಕುಡಿದ, ಬಾಯಿ ಮುಕ್ಕಳಿಸಿ ಉಗಿದ, ಉಳಿದದ್ದನ್ನು ಅವನತ್ತ ನೋಡದೆಯೇ ಹಿಂದಕ್ಕೆ ಎಸೆದ. ಯಾವಾಗಲೂ ಹಾಗೇ ಎಸೆಯುತ್ತಿದ್ದದ್ದು. ನೀರಣ್ಣ ಯಾವಾಗಲೂ ಹಿಡಿಯುತ್ತಿದ್ದ. ಅದನ್ನು ಯಾರೂ ನೋಡುವ ಅಗತ್ಯವೇ ಇರಲಿಲ್ಲ.

ಈ ಸಲ ಅವನ ಕೈಗಳು ಮೇಲೇಳಲಿಲ್ಲ. ತೊಡೆಯ ಪಕ್ಕ ಜೋತುಬಿದ್ದುಕೊಂಡೇ ಇದ್ದವು. ಬಾಟಲಿ ಅವನ ಎದೆಗೆ ಬಡಿದು, ಮುಚ್ಚಳ ಕಳಚಿ, ನೆಲಕ್ಕೆ ಬಿದ್ದು ನೀರೆಲ್ಲ ಚೆಲ್ಲಿತು. ನೀರಣ್ಣ ತನ್ನ ಕೈಗಳನ್ನು ಎತ್ತಿ ನೋಡಿಕೊಂಡ. ಅವು ಕೊನೆಗೂ ಬಿಡುವುದನ್ನು ಕಲಿತಿದ್ದವು, ಒಂದು ದಿನ ತಡವಾಗಿ.

ಮೇಸ್ತ್ರಿ ಸದ್ದಿಗೆ ತಿರುಗಿದ. ಬಾಟಲಿ ನೋಡಿದ, ಅವನ ಮುಖ ನೋಡಿದ. ಬಯಲೆಲ್ಲ ಕೇಳುವ ಹಾಗೆ ನಕ್ಕುಬಿಟ್ಟ.

"ಈಗ ಹಚ್ಕೊಂಡ್ಯೇನೋ ಎಣ್ಣೆ?"

ಹತ್ತಿರವಿದ್ದ ಆಟಗಾರರೂ ನಕ್ಕರು. ನೀರಣ್ಣ ಅಲ್ಲಾಡಲಿಲ್ಲ.

"ಎತ್ಕೊ" ಅಂದ ಮೇಸ್ತ್ರಿ. "ಬೆಳಿಗ್ಗೆ ಕೆಲಸಕ್ಕೆ ಬರ್ಬೇಕೋ ಬೇಡ್ವೋ ನೀನು? ಎತ್ಕೊ."

ನೀರಣ್ಣ ಬಗ್ಗಿ ಬಾಟಲಿ ಎತ್ತಿಕೊಂಡ. ಮುಚ್ಚಳ ದೂರ ಉರುಳಿತ್ತು. ಹುಲ್ಲಿನಲ್ಲಿ ಹುಡುಕಿ ಅದನ್ನೂ ಎತ್ತಿಕೊಂಡ.